ವಿನೈಲ್ ಹಾಸಿದ್ದು ಒಂದು ದಿನ, ನೆಲ ಸರಿಮಾಡಿದ್ದು ಐದು ವಾರ

ಎರಡು ವರ್ಷಗಳ ಹಿಂದೆ ಓದುವ ಕೋಣೆಯ ನೆಲಕ್ಕೆ ನಾನೇ ವಿನೈಲ್ ಹಲಗೆಗಳನ್ನು, ಅಂದರೆ ತೆಳುವಾದ ಪ್ಲಾಸ್ಟಿಕ್ ನೆಲಹಾಸಿನ ಪಟ್ಟಿಗಳನ್ನು, ಅಂಟಿಸಿದ್ದೆ. ಬೆಳಗ್ಗೆ ಗುಡಿಸಿ, ಮಧ್ಯಾಹ್ನ ಅಂಟು ಬಳಿದು, ಸಂಜೆಗೆ ಕೆಲಸ ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೂರನೆಯ ವಾರ, ಇಳಿಹೊತ್ತಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ, ನೆಲದ ನಡುವೆ ಪುಟ್ಟ ಗುಡ್ಡವೊಂದು ನೆರಳು ಚೆಲ್ಲಿಕೊಂಡು ನಿಂತಿತ್ತು. ಗುಡಿಸುವಾಗ ಉಳಿದುಹೋದ ಗಾರೆಯ ಚೂರು ಅದು, ಸಾಸಿವೆಕಾಳಿಗಿಂತ ತುಸು ದೊಡ್ಡದು. 2 ಮಿಲಿಮೀಟರ್ ದಪ್ಪದ ವಿನೈಲ್ ಅದನ್ನು ಮುಚ್ಚಿಡಲಿಲ್ಲ. ತೆಳುವಾದ ಹೊದಿಕೆಯೊಳಗಿನ ಮೊಣಕಾಲಿನಂತೆ ಎತ್ತಿ ತೋರಿಸಿತು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣುವುದಿಲ್ಲ.

ಈ ಸಲ ಮಲಗುವ ಕೋಣೆಯ ಸರದಿ. 3.6 ಮೀಟರ್ ಉದ್ದ, 3 ಮೀಟರ್ ಅಗಲ, ನೆಲ ಅಂತಸ್ತಿನಲ್ಲಿದೆ, ಮಣ್ಣಿನ ಮೇಲೆ ನೇರವಾಗಿ ಸುರಿದ ಕಾಂಕ್ರೀಟ್. ಹಲಗೆ ಅಂಟಿಸುವ ಕೆಲಸದ ಬಗ್ಗೆ ಇಲ್ಲಿ ಏನೂ ಬರೆದಿಲ್ಲ. ಅದಕ್ಕೆ ಮುಂಚಿನ ಐದು ವಾರಗಳಲ್ಲಿ ಪುಸ್ತಕದಲ್ಲಿ ಗೀಚಿಟ್ಟುಕೊಂಡ ಟಿಪ್ಪಣಿಗಳು ಇವು.

ಮೊದಲ ದಿನ ಮಂಚ, ಬೀರು ಹೊರಗೆ ಹೋದವು. ಗೋಡೆಯ ಬುಡದ ಮರದ ಸ್ಕರ್ಟಿಂಗ್ ಪಟ್ಟಿಗಳನ್ನು ಅಗಲವಾದ ಉಳಿಯಿಂದ ಮೀಟಿ ತೆಗೆದು, ಯಾವುದು ಯಾವ ಗೋಡೆಯದೆಂದು ಬೆನ್ನ ಮೇಲೆ ಬರೆದಿಟ್ಟೆ. ಬಾಗಿಲನ್ನೂ ಕಳಚಿ ಹೊರಗೆ ಒರಗಿಸಿದೆ. ನೆಲದ ಮೇಲಿದ್ದದ್ದು ಹದಿನೈದು ವರ್ಷ ಹಳೆಯ ವಿನೈಲ್ ಶೀಟು. ಅದರ ಮೇಲೆಯೇ ಹೊಸದನ್ನು ಅಂಟಿಸಿಬಿಡಬಹುದಲ್ಲ ಎಂಬ ಆಸೆ ಒಂದು ಗಂಟೆ ಕಾಡಿತು. ಆದರೆ ಅದು ಎರಡು ಕಡೆ ಬುಗ್ಗೆಯಂತೆ ಎದ್ದಿತ್ತು, ಕಿಟಕಿಯ ಕೆಳಗೆ ಅಂಚು ಕಪ್ಪಾಗಿತ್ತು. ಹಿಡಿತ ಬಿಟ್ಟಿರುವುದರ ಮೇಲೆ ಹೊಸದನ್ನು ಕೂರಿಸಿದರೆ ಹೊಸದರ ಹಿಡಿತವೂ ಅಷ್ಟಕ್ಕಷ್ಟೇ.

ಒಂದು ಗೇಣು ಅಗಲದ ಪಟ್ಟಿಗಳಾಗಿ ಸೀಳಿ ಎಳೆದಾಗ ಮೇಲಿನ ಪದರ ಬಾಳೆಯ ಪಟ್ಟೆಯಂತೆ ಸುಲಿದು ಬಂತು. ಬೆನ್ನಿನ ಕಾಗದದಂಥ ಪದರ ಮಾತ್ರ ನೆಲವನ್ನೇ ಕಚ್ಚಿಕೊಂಡು ಉಳಿಯಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಇಪ್ಪತ್ತು ನಿಮಿಷ ಹರಡಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಉದ್ದ ಹಿಡಿಯ ಕೆರೆಯುವ ಅಲಗಿನಿಂದ ತಳ್ಳಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಅಡಿಯಲ್ಲಿ ಹಳದಿ ಅಂಟು ಇತ್ತು. ಅದನ್ನು ಒಣಗಿದಾಗಲೇ ಕೆರೆದೆ, ಅಲಗನ್ನು ಐದು ಸಲ ಬದಲಾಯಿಸಿದೆ. ಅಂಟು ಕರಗಿಸುವ ದ್ರಾವಕಗಳ ಡಬ್ಬಿ ಸಿಗುತ್ತದೆ, ಅದಕ್ಕೆ ಕೈ ಹಾಕಲಿಲ್ಲ. ಕರಗಿದ ಅಂಟು ಕಾಂಕ್ರೀಟಿನ ರಂಧ್ರಗಳಿಗೆ ಇಳಿದು ಕೂರುತ್ತದೆ, ದ್ರಾವಕದ ಉಳಿಕೆ ಮುಂದೆ ಹೊಸ ಅಂಟನ್ನೂ ಮೆತ್ತಗೆ ಮಾಡುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. 1980ರ ದಶಕದವರೆಗೂ ನೆಲಹಾಸಿನ ಟೈಲ್‌ಗಳಲ್ಲಿ, ಶೀಟುಗಳ ಬೆನ್ನಿನ ಪದರದಲ್ಲಿ, ಕಪ್ಪು ಡಾಂಬರಿನಂಥ ಅಂಟಿನಲ್ಲಿ ಕಲ್ನಾರನ್ನು (ಆಸ್ಬೆಸ್ಟಾಸ್, ಇದರ ದೂಳು ಶ್ವಾಸಕೋಶಕ್ಕೆ ಅಪಾಯ) ಬೆರೆಸುವುದು ಸಾಮಾನ್ಯವಾಗಿತ್ತು. ಒಂಬತ್ತು ಇಂಚು ಚೌಕದ ಹಳೆಯ ಟೈಲ್ ಕಂಡರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಅಷ್ಟು ಹಳೆಯ ನೆಲವಾದರೆ ಕೆರೆಯುವುದು, ಉಜ್ಜುವುದು, ಗ್ರೈಂಡರ್ ಹಿಡಿಯುವುದು ಯಾವುದೂ ಬೇಡ. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುವವರೆಗೆ ಮುಟ್ಟದೆ ಬಿಡಬೇಕು. ನನ್ನ ಶೀಟು ಹಾಸಿದ ವರ್ಷ ನನಗೇ ಗೊತ್ತಿದ್ದರಿಂದ ಕೈಯಿಟ್ಟೆ.

ಎರಡು ದಿನ ಕೆರೆದ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟು ನೋಡಿದೆ. ಹನಿ ಒಂದೆರಡು ನಿಮಿಷದಲ್ಲಿ ಹೀರಿಹೋಗಿ ಕಪ್ಪು ಕಲೆ ಮೂಡಿದರೆ ಅಲ್ಲಿ ಕಾಂಕ್ರೀಟ್ ಬಾಯಿ ತೆರೆದಿದೆ ಎಂದರ್ಥ. ಮುತ್ತಿನಂತೆ ಹಾಗೆಯೇ ನಿಂತರೆ ಅಂಟೋ ಮೇಣವೋ ಎಣ್ಣೆಯೋ ಇನ್ನೂ ಕೂತಿದೆ. ಬೀರು ಇದ್ದ ಜಾಗದಲ್ಲಿ ಹನಿ ಅರ್ಧ ಗಂಟೆಯಾದರೂ ಕದಲಲಿಲ್ಲ. ಮತ್ತೆ ಮಂಡಿಯೂರಿದೆ.

ನಾಲ್ಕನೆಯ ದಿನ ತೇವದ ಪರೀಕ್ಷೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹದಿನೆಂಟು ಇಂಚಿನ ಚೌಕಗಳಾಗಿ ಕತ್ತರಿಸಿ, ನಾಲ್ಕೂ ಅಂಚುಗಳಿಗೆ ಟೇಪ್ ಬಿಗಿದು ಮೂರು ಕಡೆ ಅಂಟಿಸಿದೆ: ಬಾಗಿಲ ಬಳಿ ಒಂದು, ನಡುವೆ ಒಂದು, ಕಿಟಕಿಯ ಗೋಡೆಯ ಬುಡದಲ್ಲಿ ಒಂದು. ಈ ಪರೀಕ್ಷೆಗೆ ಕನಿಷ್ಠ 16 ಗಂಟೆ ಬೇಕು. ನಾನು ಇಡೀ ದಿನ ಬಿಟ್ಟೆ. ಮರುದಿನ ಎರಡು ಹಾಳೆಗಳು ಒಣಗಿದ್ದವು. ಕಿಟಕಿಯ ಕೆಳಗಿನ ಹಾಳೆಯ ಒಳಮೈಯಲ್ಲಿ ಮಾತ್ರ ಮಂಜು ಕಟ್ಟಿತ್ತು, ಅಡಿಯ ಕಾಂಕ್ರೀಟ್ ಬಣ್ಣ ಕಪ್ಪಿಟ್ಟಿತ್ತು. ಹಳೆಯ ಶೀಟಿನ ಅಂಚು ಕಪ್ಪಾಗಿದ್ದೂ ಅಲ್ಲಿಯೇ.

ತೇವ ತಡೆಯುವ ಲೇಪನ ಬಳಿದು ಮುಂದೆ ಹೋಗಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ನನ್ನ ಜಾಯಮಾನ ಬೇರೆ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಅದರ ಬಾಯಿ ಮುಚ್ಚಿದರೆ ಅದು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಹೊರಗೆ ಹೋಗಿ ಆ ಗೋಡೆಯನ್ನು ನೋಡಿದೆ. ಚಾವಣಿಯ ಮಳೆನೀರಿನ ಕೊಳವೆಯ ಕೊನೆಯ ತುಂಡು ಕಳಚಿಬಿದ್ದು, ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಸಾಲದ್ದಕ್ಕೆ ಹೂವಿನ ಪಾತಿಗೆಂದು ನಾನೇ ಏರಿಸಿದ ಮಣ್ಣು ಒಳಗಿನ ನೆಲದ ಮಟ್ಟಕ್ಕಿಂತ ಎತ್ತರವಾಗಿತ್ತು. ಕೊಳವೆ ಜೋಡಿಸಿ ನೀರನ್ನು ದೂರ ಬಿಟ್ಟೆ. ಮಣ್ಣನ್ನು ತೋಡಿ ತಗ್ಗಿಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಮಾಡಿದೆ. ನೆಲದ ದುರಸ್ತಿಯ ಮೊದಲ ದೊಡ್ಡ ಕೆಲಸ ಮನೆಯ ಹೊರಗೆ, ಗುದ್ದಲಿಯಿಂದ ಆಯಿತು.

ಆಮೇಲೆ ಮೂರು ವಾರ ಕಾಯುವುದಷ್ಟೇ. ಕಿಟಕಿ ತೆರೆದು ಫ್ಯಾನ್ ಹಾಕಿಟ್ಟೆ. ಈ ನಡುವೆ ಒಂದು ಸಣ್ಣ ಕೆಲಸ ಮಾಡಿದೆ. ಕೋಣೆಯ ನಡುವೆ ಕೂದಲೆಳೆಯ ಬಿರುಕೊಂದು ಓಡಿತ್ತು. ಅದಕ್ಕೆ ಅಡ್ಡಲಾಗಿ ಮೂರು ಕಡೆ ಚೂಪಾದ ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದೆ. ಬಿರುಕು ಅಗಲವಾಗುತ್ತಿದ್ದರೆ ಅಥವಾ ಒಂದು ಬದಿ ಸರಿಯುತ್ತಿದ್ದರೆ ಗೆರೆಯ ಎರಡು ತುಂಡುಗಳು ಒಂದಕ್ಕೊಂದು ತಪ್ಪುತ್ತವೆ. ಮೂರು ವಾರದ ಮೇಲೂ ಮೂರೂ ಗೆರೆಗಳು ನೆಟ್ಟಗೇ ಇದ್ದವು. ಸತ್ತ ಬಿರುಕು ಎಂದು ತೀರ್ಮಾನಿಸಿದೆ, ತುಂಬಿದರೆ ನಿಲ್ಲುತ್ತದೆ.

ಪ್ಲಾಸ್ಟಿಕ್ ಹಾಳೆ ಎರಡನೆಯ ಸಲ ಒಣಗಿತ್ತು. ಆದರೆ ಅದರ ಮಾತು ಅರ್ಧ ಸತ್ಯ. ಅದು ಮೇಲ್ಮೈಯ ಸಂಗತಿಯನ್ನು ಮಾತ್ರ ಹೇಳುತ್ತದೆ. ತೆರೆದಿಟ್ಟ ಕಾಂಕ್ರೀಟ್ ಮೇಲೆ ಒಣಗಿ, ಒಳಗೆ ಹಸಿಯಾಗಿಯೇ ಇರುತ್ತದೆ. ವಿನೈಲ್ ಮುಚ್ಚಿದೊಡನೆ ಮೇಲೆ ಆವಿಯಾಗಲು ದಾರಿಯಿಲ್ಲದೆ ಒಳಗಿನ ತೇವ ಇಡೀ ದಪ್ಪಕ್ಕೆ ಸಮನಾಗಿ ಹಂಚಿಕೊಂಡು ಅಂಟಿನ ತನಕ ಏರುತ್ತದೆ. ಅದಕ್ಕೇ ಎಎಸ್‌ಟಿಎಂ ಎಫ್ 2170 ಎಂಬ ಅಮೆರಿಕದ ಮಾನದಂಡದ ಪ್ರಕಾರ, ಒಂದೇ ಕಡೆಯಿಂದ ಒಣಗುವ ಕಾಂಕ್ರೀಟಿನಲ್ಲಿ ದಪ್ಪದ 40 ಶೇಕಡಾ ಆಳಕ್ಕೆ ರಂಧ್ರ ಕೊರೆದು ಅಳೆಯಬೇಕು. ನನ್ನದು 100 ಮಿಲಿಮೀಟರ್, ಆದ್ದರಿಂದ 40 ಮಿಲಿಮೀಟರ್ ಆಳದ ರಂಧ್ರ. ದೂಳನ್ನು ಹೀರಿ ತೆಗೆದು, ಬಾಡಿಗೆಗೆ ತಂದ ಮಾಪಕದ ಕಡ್ಡಿ ಇಳಿಸಿ, ಬಾಯಿ ಮುಚ್ಚಿ ಒಂದು ದಿನ ಬಿಟ್ಟೆ. ರಂಧ್ರದೊಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಕಿಟಕಿಯ ಬಳಿ ಶೇಕಡಾ 74 ಎಂದು ತೋರಿಸಿತು, ಉಳಿದ ಎರಡು ಕಡೆ ಇನ್ನೂ ಕಡಿಮೆ. ನನ್ನ ಅಂಟಿನ ಡಬ್ಬಿಯ ಮಿತಿ 80. ಸಂಖ್ಯೆ ಎಲ್ಲರಿಗೂ ಒಂದೇ ಅಲ್ಲ, ಡಬ್ಬಿಯಿಂದ ಡಬ್ಬಿಗೆ ಬೇರೆ. ಅಂಟನ್ನು ಆರಿಸಿದ ಮೇಲೆಯೇ ಅಳತೆಗೆ ಅರ್ಥ ಬರುತ್ತದೆ.

ಕ್ಷಾರವನ್ನೂ ನೋಡಿದೆ. ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13ರಷ್ಟಿರುತ್ತದೆ. ತೇವ ಮೇಲೇರುವಾಗ ಆ ಕ್ಷಾರವನ್ನೂ ಹೊತ್ತು ತರುತ್ತದೆ, ಅಂಟು ಜಿಡ್ಡು ಜಿಡ್ಡಾಗಿ ಸೋತುಹೋಗುತ್ತದೆ. ಶುದ್ಧ ನೀರಿನ ಹನಿ ಬಿಟ್ಟು, ಒಂದು ನಿಮಿಷ ಕಾದು, ಪಿಎಚ್ ಕಾಗದ ಒತ್ತಿದೆ. 9ರ ಬಣ್ಣ ಬಂತು. ಡಬ್ಬಿಯ ಮಿತಿಯೊಳಗೇ ಇತ್ತು.

ಇನ್ನು ಸಮತಟ್ಟಿನ ವಿಚಾರ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದೇ, ಮೊದಲು ಅರ್ಥವಾಗದೆ ಇದ್ದದ್ದೂ ಇದೇ. ಓದುವ ಕೋಣೆಯಲ್ಲಿ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತಿತೆಂದು ಸಮಾಧಾನಪಟ್ಟಿದ್ದೆ. ರಸಮಟ್ಟ ಹೇಳುವುದು ನೆಲ ವಾಲಿದೆಯೇ ಇಲ್ಲವೇ ಎಂದು. ವಿನೈಲಿಗೆ ವಾಲಿದರೆ ಚಿಂತೆಯಿಲ್ಲ, ಉಬ್ಬುತಗ್ಗು ಇದ್ದರೆ ಚಿಂತೆ. ಈ ಕೋಣೆ ಕಿಟಕಿಯಿಂದ ಬಾಗಿಲಿಗೆ 4 ಮಿಲಿಮೀಟರ್ ಇಳಿದಿದೆ. ಇಳಿದುಕೊಂಡಿರಲಿ ಎಂದು ಬಿಟ್ಟೆ. ನನಗೆ ಬೇಕಾದದ್ದು ವಾಲಿದ್ದರೂ ಸಪಾಟಾದ ಹಲಗೆಯಂಥ ನೆಲ. ತಯಾರಕರು ಸಾಮಾನ್ಯವಾಗಿ ಕೇಳುವುದು ಹತ್ತು ಅಡಿಯಲ್ಲಿ ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ, ಅಂದರೆ 3 ಮೀಟರಿನಲ್ಲಿ 5 ಮಿಲಿಮೀಟರ್ ಒಳಗಿನ ವ್ಯತ್ಯಾಸ. ನಾನು 2 ಮೀಟರಿಗೆ 3 ಮಿಲಿಮೀಟರ್ ಎಂದು ಇಟ್ಟುಕೊಂಡೆ.

ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಅಂಚಿಗೆ ನಿಲ್ಲಿಸಿ, ಕೋಣೆಯನ್ನು ಕತ್ತಲು ಮಾಡಿ, ಪಟ್ಟಿಯ ಆಚೆ ಬದಿಯಿಂದ ಟಾರ್ಚ್ ಬಿಟ್ಟರೆ ನೆಲ ತನ್ನ ಗುಟ್ಟನ್ನೆಲ್ಲ ಹೇಳುತ್ತದೆ. ಟಾರ್ಚ್ ಹಿಡಿದವಳು ಅಣ್ಣನ ಮಗಳು, ಹನ್ನೊಂದು ವರ್ಷದವಳು. ಅವಳಿಗೆ ಇದು ಆಟ.

“ಚಿಕ್ಕಪ್ಪ, ಇಲ್ಲಿ ಬೆಳಕು ನುಸುಳುತ್ತಿದೆ.”

“ಎಷ್ಟು ಅಗಲಕ್ಕೆ?”

“ನಿಮ್ಮ ಕಿರುಬೆರಳು ಸಲೀಸಾಗಿ ಹೋಗುತ್ತದೆ.”

ಅವಳ ಕಿರುಬೆರಳು ಎಂದರೆ ಹೇಗೋ ಒಪ್ಪಬಹುದಿತ್ತು. ಅಳೆದು ನೋಡಿದರೆ 8 ಮಿಲಿಮೀಟರ್. ಬಾಗಿಲ ಕಡೆಗೆ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ತಗ್ಗು, ಹೊಸ್ತಿಲಿನ ತನಕ. ಕಿಟಕಿಯ ಬಳಿ 4 ಮಿಲಿಮೀಟರಿನ ಉಬ್ಬು. ಎಲ್ಲೆಲ್ಲಿ ಬೆಳಕು ನುಸುಳಿತೋ ಅಲ್ಲೆಲ್ಲ ಸುತ್ತುಗೆರೆ ಎಳೆದು, ಆಳವನ್ನು ಒಳಗೆ ಬರೆದೆವು. ಅವಳು ಬಣ್ಣದ ಮಾರ್ಕರ್ ತಂದಿದ್ದಳು, ನಾನು ಬೇಡವೆಂದು ಪೆನ್ಸಿಲ್ ಕೊಟ್ಟೆ. ಮಾರ್ಕರಿನ ಶಾಯಿ, ಬಾಲ್‌ಪೆನ್ನಿನ ಶಾಯಿ, ಡಾಂಬರು ಇವು ತಿಂಗಳುಗಳ ಮೇಲೆ ವಿನೈಲಿನ ಮೂಲಕವೇ ಏರಿ ಬಂದು ಮೇಲ್ಮೈಯಲ್ಲಿ ಕಲೆಯಾಗಿ ಮೂಡುತ್ತವೆ. ಅವಳು ನಂಬಲಿಲ್ಲ. ಹಳೆಯ ಶೀಟಿನ ಒಂದು ತುಂಡಿನ ಬೆನ್ನಿಗೆ ಮಾರ್ಕರಿನಿಂದ ತನ್ನ ಹೆಸರು ಬರೆದು ಮಾಡಿನ ಮೇಲೆ ಇಟ್ಟಿದ್ದಾಳೆ, ಕಾದು ನೋಡುತ್ತಾಳಂತೆ.

ಪಟ್ಟಿಯ ಕೆಲಸ ಮುಗಿದ ಮೇಲೆ ಸುತ್ತಿಗೆಯ ಹಿಡಿಯಿಂದ ನೆಲವನ್ನೆಲ್ಲ ತಟ್ಟಿದೆವು. ಗಟ್ಟಿ ನೆಲ ಮೊಂಡು ಸದ್ದು ಮಾಡುತ್ತದೆ. ಒಂದು ಕಡೆ, ತಟ್ಟೆಯಗಲದ ಜಾಗದಲ್ಲಿ, ಖಾಲಿ ಕೊಡದ ಸದ್ದು ಬಂತು. ಮೇಲಿನ ಗಾರೆ ಕೆಳಗಿನ ಕಾಂಕ್ರೀಟನ್ನು ಬಿಟ್ಟಿತ್ತು. ಉಳಿಯಿಂದ ಎರಡು ಪೆಟ್ಟು ಕೊಟ್ಟಾಗ ಬಿಲ್ಲೆಯಾಗಿ ಎದ್ದು ಬಂತು. ಅಂಚುಗಳನ್ನು ನೆಟ್ಟಗೆ ಕಡಿದು, ದೂಳು ತೆಗೆದು, ಒದ್ದೆ ಮಾಡಿ, ದುರಸ್ತಿ ಗಾರೆ ತುಂಬಿ ಕರಣೆಯಿಂದ ಸವರಿದೆ. ಬಿರುಕನ್ನು ಉಳಿಯಿಂದ ತುಸು ಬಿಡಿಸಿ ಅದನ್ನೂ ತುಂಬಿದೆ.

ಉಬ್ಬನ್ನು ಇಳಿಸಲು ಗ್ರೈಂಡರಿಗೆ ವಜ್ರದ ಹರಳು ಕೂರಿಸಿದ ಬಟ್ಟಲಿನಂಥ ಚಕ್ರ, ಅದರ ಸುತ್ತ ದೂಳು ಹಿಡಿಯುವ ಕವಚ, ಕವಚಕ್ಕೆ ವ್ಯಾಕ್ಯೂಮ್. ಕಾಂಕ್ರೀಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ಮುಖಕ್ಕೆ ಒತ್ತಿ ಕೂರುವ ಎನ್95 ಅಥವಾ ಅದಕ್ಕೂ ಮೇಲಿನ ಮುಖಗವಸು ಬೇಕು. ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ ಆರಂಭಿಸಿದೆ. ಚಕ್ರ ನಾನು ಎಣಿಸಿದ್ದಕ್ಕಿಂತ ಬೇಗ ತಿನ್ನುತ್ತದೆ. ಒಂದೆಡೆ ಎರಡು ಉಸಿರು ಹೆಚ್ಚು ನಿಂತದ್ದಕ್ಕೆ ಉಬ್ಬಿನ ಜಾಗದಲ್ಲಿ ಬಟ್ಟಲು ಆಯಿತು. ತಗ್ಗು ತುಂಬುವ ಪಟ್ಟಿಗೆ ಅದನ್ನೂ ಸೇರಿಸಿಕೊಂಡೆ.

ದೊಡ್ಡ ತಗ್ಗಿಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ನೀರಿನಲ್ಲಿ ಕಲಸಿ ಸುರಿದರೆ ತಾನೇ ಹರಡಿ ಮಟ್ಟವಾಗುವ ಸಿಮೆಂಟ್ ಪುಡಿ. ಲೆಕ್ಕ ಹೀಗೆ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪ ಎಂದರೆ ಒಂದು ಲೀಟರ್, ಅದಕ್ಕೆ ಸುಮಾರು 1.7 ಕಿಲೋ ಪುಡಿ ಬೇಕು. ತಗ್ಗು 3 ಚದರ ಮೀಟರ್, ಅಂಚಿನಿಂದ ನಡುವಿಗೆ ಆಳವಾಗುವುದರಿಂದ ಸರಾಸರಿ 4 ಮಿಲಿಮೀಟರ್. 12 ಲೀಟರ್, ಸುಮಾರು 20 ಕಿಲೋ. 25 ಕಿಲೋದ ಒಂದು ಚೀಲ ಸಾಕು.

ಅದಕ್ಕೂ ಮೊದಲು ಪ್ರೈಮರ್. ಒಣ ಕಾಂಕ್ರೀಟ್ ಬಾಯಾರಿದ ಮಣ್ಣಿನಂತೆ ಕಾಂಪೌಂಡಿನ ನೀರನ್ನು ಹೀರುತ್ತದೆ, ಅದರ ರಂಧ್ರಗಳ ಗಾಳಿ ಗುಳ್ಳೆಗಳಾಗಿ ಮೇಲೇಳುತ್ತದೆ. ಪ್ರೈಮರ್ ಆ ರಂಧ್ರಗಳನ್ನು ಮುಚ್ಚಬೇಕು. ಎರಡು ಕೈ ಬಳಿದೆ. ಬಾಗಿಲ ಚೌಕಟ್ಟಿನ ಹಿಂದಿನ ಮೂಲೆಯಲ್ಲಿ ಅಂಗೈಯಗಲದ ಜಾಗ ತಪ್ಪಿಹೋದದ್ದು ಮರುದಿನ ತಿಳಿಯಿತು: ಅಲ್ಲಿ ಮಾತ್ರ ಸೂಜಿ ಚುಚ್ಚಿದಂಥ ನೂರಾರು ತೂತುಗಳು.

ಹೊಸ್ತಿಲಿಗೆ ಮರದ ಪಟ್ಟಿ ಅಡ್ಡ ಇಟ್ಟು ಸೀಲೆಂಟ್ ಬಳಿದು ಕಟ್ಟೆ ಕಟ್ಟಿದೆ. 5 ಲೀಟರ್ ನೀರನ್ನು ಅಳೆದು ಬಕೆಟ್ಟಿಗೆ ಸುರಿದು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ತಳದಲ್ಲಿ ಗಂಟು ಕಟ್ಟುತ್ತದೆ. ಡ್ರಿಲ್ಲಿಗೆ ಕಲಕುವ ಸಲಾಕೆ ಹಾಕಿ ಮೂರು ನಿಮಿಷ ತಿರುಗಿಸಿದೆ. ತುಸು ಗಟ್ಟಿ ಎನಿಸಿ ಇನ್ನೊಂದು ಲೋಟ ನೀರಿಗೆ ಕೈ ಹೋಗಿತ್ತು, ತಡೆದುಕೊಂಡೆ. ನೀರು ಹೆಚ್ಚಾದರೆ ಸಿಮೆಂಟಿನ ಕೆನೆ ಮೇಲೆ ತೇಲಿ, ಒಣಗಿದ ಮೇಲೆ ಉಗುರಿಗೆ ಪುಡಿಪುಡಿಯಾಗಿ ಬರುತ್ತದೆ. ಅಂಥ ಪುಡಿಗೆ ಅಂಟಿದ ವಿನೈಲ್ ಪುಡಿಯನ್ನೇ ಎತ್ತಿಕೊಂಡು ಏಳುತ್ತದೆ.

ಸುರಿದಾಗ ಕಣ್ಣಿಗೆ ಹಬ್ಬ. ಬೂದು ಬಣ್ಣದ ಪಾಯಸದಂತೆ ತಾನೇ ಹರಡಿ ತಗ್ಗಿನ ಆಕಾರ ಹಿಡಿಯಿತು. ಮುಳ್ಳಿನ ರೋಲರ್ ಎಳೆದು ಗುಳ್ಳೆ ಒಡೆದೆ. ಕೈಯಲ್ಲಿ ಇರುವ ಸಮಯ ಹದಿನೈದು ನಿಮಿಷ. ಐದನೆಯ ನಿಮಿಷಕ್ಕೆ ಹೊಸ್ತಿಲ ಬಳಿ ಮಟ್ಟ ಇಳಿಯತೊಡಗಿತು. ಕಟ್ಟೆ ಗಟ್ಟಿಯಾಗಿಯೇ ಇತ್ತು. ಅದರ ಅಡಿಯಲ್ಲಿ ಎರಡು ಕೋಣೆಗಳ ಕಾಂಕ್ರೀಟಿನ ನಡುವೆ ಬಿಟ್ಟ ಸಂದು ಇದ್ದದ್ದನ್ನು ನಾನು ಮರೆತಿದ್ದೆ. ಕಾಂಪೌಂಡ್ ಆ ಸಂದಿಗೆ ಇಳಿದು ಹಜಾರದ ಕಡೆ ಹರಿಯುತ್ತಿತ್ತು. ಮೊದಲು ಕೈಗೆ ಸಿಕ್ಕಿದ್ದು ಕೋಣೆಯ ಹಳೆಯ ಪರದೆ. ಅದನ್ನೇ ಸುರುಳಿ ಮಾಡಿ ತುರುಕಿದೆ. ಹರಿವು ನಿಂತಿತು, ಪರದೆಯ ಕತೆ ಮುಗಿಯಿತು.

ಹರಿದದ್ದಕ್ಕಿಂತ ಸಂದಿನಲ್ಲಿ ಉಳಿದದ್ದು ದೊಡ್ಡ ತೊಂದರೆ. ಎರಡು ಕಾಂಕ್ರೀಟ್ ಹಾಸುಗಳು ಹಿಗ್ಗಿ ಕುಗ್ಗಲೆಂದೇ ಬಿಟ್ಟ ಜಾಗ ಅದು. ಅದನ್ನು ಗಟ್ಟಿ ವಸ್ತುವಿನಿಂದ ತುಂಬಿದರೆ ಮುಂದೆ ಅಲ್ಲಿಯೇ ಒಡೆದು ವಿನೈಲಿನ ಮೇಲೆ ಗೆರೆ ಮೂಡುತ್ತದೆ. ಒಂದು ಗಂಟೆ ಕಾದು, ಸೋಪಿನಷ್ಟು ಮೆತ್ತಗಿರುವಾಗಲೇ ಗರಗಸದ ಹಳೆಯ ಅಲಗಿನಿಂದ ಕೆದಕಿ ಪೂರ್ತಿ ತೆಗೆದೆ. ಈಗ ಅದರ ಮೇಲೆ ಹೊಸ್ತಿಲ ಲೋಹದ ಪಟ್ಟಿ ಕೂರುತ್ತದೆ, ವಿನೈಲ್ ಅದರ ಈಚೆಗೇ ನಿಲ್ಲುತ್ತದೆ.

ಆ ರಾತ್ರಿ ಫ್ಯಾನ್ ಹಾಕಲಿಲ್ಲ, ಕಿಟಕಿಯನ್ನೂ ಮುಚ್ಚಿದೆ. ಮೇಲ್ಮೈ ಬೇಗ ಒಣಗಿದರೆ ಬಲೆಯಂಥ ಬಿರುಕು ಬೀಳುತ್ತದೆ. ಮರುದಿನ ಕಾಂಪೌಂಡಿನ ಅಂಚುಗಳು ಸಣ್ಣ ಮೆಟ್ಟಿಲಿನಂತೆ ಕೈಗೆ ತಾಕಿದವು. ಸೊನ್ನೆ ದಪ್ಪಕ್ಕೆ ತೆಳುವಾಗುವ ಗುಣ ಅದಕ್ಕಿಲ್ಲ. ಆ ಕೆಲಸಕ್ಕೆ ಸಿಮೆಂಟ್ ಆಧಾರದ ನಯವಾದ ಪ್ಯಾಚಿಂಗ್ ಪುಡಿ ಬೇಕು. ಅದನ್ನು ಅಗಲವಾದ ಕರಣೆಯಲ್ಲಿ ಅಂಚುಗಳಿಗೆ, ಗ್ರೈಂಡರಿನ ಬಟ್ಟಲಿಗೆ, ಸೂಜಿತೂತುಗಳಿಗೆ, ಮಾಪಕದ ಮೂರು ರಂಧ್ರಗಳಿಗೆ ಎಳೆದೆ. ಗೋಡೆಯ ಪುಟ್ಟಿ ಮಿಕ್ಕಿತ್ತು, ಅದನ್ನು ಬಳಸಲಿಲ್ಲ. ಅದು ಗೋಡೆಯ ಮೇಲೆ ಚೆಂದ. ಕಾಲಡಿಯ ಭಾರಕ್ಕೆ ಪುಡಿಯಾಗುತ್ತದೆ.

ಹಲಗೆಯಿಂದ ಹಲಗೆಗೆ ಕೊಕ್ಕೆ ಹಾಕಿ ಜೋಡಿಸುವ ತೇಲುವ ಮಾದರಿಯ ವಿನೈಲ್ ಆಗಿದ್ದರೆ ಇಷ್ಟೆಲ್ಲ ಬೇಕಿತ್ತೇ ಎಂದು ಭಾವಮೈದುನ ಕೇಳಿದ. ಸೂಜಿತೂತುಗಳ ಚಿಂತೆ ಬೇಕಿರಲಿಲ್ಲ, ತಗ್ಗಿನ ಚಿಂತೆ ಇನ್ನೂ ಹೆಚ್ಚು. ತಗ್ಗಿನ ಮೇಲೆ ಸೇತುವೆಯಂತೆ ನಿಂತ ಹಲಗೆ ಪ್ರತಿ ಹೆಜ್ಜೆಗೂ ಬಾಗಿ, ಕೊನೆಗೆ ಕೊಕ್ಕೆ ಮುರಿಯುತ್ತದೆ. ಅಡಿಗೆ ಫೋಮ್ ಹಾಸಿದರೆ ಸರಿಹೋಗುತ್ತದೆ ಎಂಬುದು ಭ್ರಮೆ. ಅವನ ಮನೆಯದು ಮರದ ನೆಲ. ಅಲ್ಲಿ ದಾರಿ ಬೇರೆ: ಕಿರುಗುಡುವ ಕಡೆಯೆಲ್ಲ ಕೆಳಗಿನ ತೊಲೆಗೆ ಸ್ಕ್ರೂ ಬಿಗಿದು, ಮೇಲೆ 6 ಮಿಲಿಮೀಟರಿನ ಪ್ಲೈವುಡ್ಡನ್ನು ಕೆಳಗಿನ ಸಂದುಗಳಿಗೆ ಹೊಂದದಂತೆ ಸರಿಸಿ ಹೊಡೆದು, ಸ್ಕ್ರೂ ತಲೆಗಳನ್ನು ಮೇಲ್ಮೈಗಿಂತ ಒಳಗೆ ಇಳಿಸಿ ತುಂಬಬೇಕು.

ಕೊನೆಯ ಎರಡು ದಿನ ಸಣ್ಣಪುಟ್ಟದ್ದು. ಹೊಸ ಹಲಗೆಗಳ ಪೆಟ್ಟಿಗೆಗಳನ್ನು ಕೋಣೆಯ ಉಷ್ಣಾಂಶಕ್ಕೆ ಹೊಂದಲೆಂದು 48 ಗಂಟೆ ಅಲ್ಲಿಯೇ ಮಲಗಿಸಿಟ್ಟೆ. ಹಲಗೆಯ ಒಂದು ತುಂಡನ್ನು ನೆಲದ ಮೇಲಿಟ್ಟು, ಅದರ ಮೇಲೆ ಗರಗಸ ಒರಗಿಸಿ ಬಾಗಿಲ ಚೌಕಟ್ಟಿನ ಬುಡ ಕೊಯ್ದೆ. ವ್ಯಾಕ್ಯೂಮ್ ಹಾಕಿದೆ, ತಿರುಗಿ ಅಡ್ಡದಿಕ್ಕಿನಲ್ಲಿ ಹಾಕಿದೆ. ಆಮೇಲೆ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ, ಬರಿಗೈಯಲ್ಲಿ ಇಡೀ ನೆಲ ಸವರಿದೆ. ಹದಿನೇಳು ಕಣಗಳು ಸಿಕ್ಕವು. ಒಂದೊಂದನ್ನೂ ಎಣಿಸಿ ಬೆಂಕಿಪೊಟ್ಟಣಕ್ಕೆ ಹಾಕಿದವಳು ಅಣ್ಣನ ಮಗಳು.

ಓದುವ ಕೋಣೆಯ ಹಳೆಯ ಗುಡ್ಡ ಇನ್ನೂ ಅಲ್ಲೇ ಇದೆ. ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ಮೇಜಿನ ಒಂದು ಕಾಲನ್ನು ತಂದಿಟ್ಟಿದ್ದೇನೆ. ಇದನ್ನು ಬರೆಯುವಾಗಲೂ ಮೇಜು ಅಲುಗುತ್ತಿದೆ.